ಜಗಳ ಆಡಿ ಕೊಂಡ ಗಾಲಿಮನೆ

ನಮ್ಮೂರಿನಲ್ಲಿ ಮನೆಗಳು ವರ್ಷಕ್ಕೊಂದು ತಿಂಗಳು ಮಲಗುತ್ತವೆ. ಬೇಸಿಗೆ ಮುಗಿಯುತ್ತ ಬಂದು ಬೇವಿನ ಹಣ್ಣು ಉದುರಲು ಶುರುವಾದ ಮೇಲೆ ಒಂದೊಂದೇ ಮನೆಗೆ ತೂಕಡಿಕೆ ಬರುತ್ತದೆ. ಮೊದಲು ಬಾಗಿಲು ಭಾರವಾಗುತ್ತದೆ. ಆಮೇಲೆ ಸ್ವಿಚ್ಚು ಒತ್ತಿದರೆ ದೀಪ ಸ್ವಲ್ಪ ಯೋಚನೆ ಮಾಡಿ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯ ಗೋಡೆಗೆ ಕೈಯಿಟ್ಟರೆ ನಿದ್ದೆ ಹೋದ ಮಗುವಿನ ಬೆನ್ನಿನ ಹಾಗೆ ಬೆಚ್ಚಗಿರುತ್ತದೆ. ಅಷ್ಟಾದರೆ ಸಾಕು, ಹೆಂಗಸರು "ನಮ್ಮ ಮನಿಗೆ ನಿದ್ದಿ ಬಂತು" ಎನ್ನುತ್ತ ಪಾತ್ರೆಪಗಡ ಕಟ್ಟತೊಡಗುತ್ತಾರೆ. ಮಲಗಿದ ಮನೆಯೊಳಗೆ ಯಾರೂ ಇರುವಂತಿಲ್ಲ. ಇದ್ದರೆ ಪ್ರಾಣಕ್ಕೇನೂ ಅಪಾಯವಿಲ್ಲ, ಮನೆ ಏಳುವವರೆಗೆ ಅವರೂ ಏಳುವುದಿಲ್ಲ, ಅಷ್ಟೆ. ದರ್ಜಿ ಓಣಿಯ ಸಂಗಪ್ಪ ಐದು ನಿಮಿಷ ಅಡ್ಡಾಗುತ್ತೇನೆಂದು ಒಳಗೆ ಹೋಗಿ ಮಗಳ ಮದುವೆಯನ್ನೇ ತಪ್ಪಿಸಿಕೊಂಡ. ಎದ್ದು ಬಂದವನ ಕಾಲಿಗೆ ಅಳಿಯ ಬಿದ್ದರೆ, "ಯಾರಪ್ಪ ನೀನು, ಅಂಗಿ ಹೊಲಿಸಾಕ ಬಂದೀ ಏನು?" ಅಂದನಂತೆ.

ಹೀಗಾಗಿ ಇಲ್ಲಿ ಪ್ರತಿ ಕುಟುಂಬಕ್ಕೂ ಒಂದು ಗಾಲಿಮನೆ ಇರುತ್ತದೆ. ಜೀಪಿನ ಹಿಂದೆಯೋ ಟ್ರ್ಯಾಕ್ಟರಿನ ಹಿಂದೆಯೋ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ. ಮಲಗಲು ಹಲಗೆ, ಒಲೆಗೊಂದು ಮೂಲೆ, ಒಂದು ಬಾಗಿಲು, ಎರಡು ಕಿಟಕಿ. ತಿಂಗಳು ಪೂರ್ತಿ ಜನ ಕೆರೆ ದಂಡೆ, ಗುಡ್ಡದ ಬುಡ ಎಂದು ಎಲ್ಲೆಲ್ಲೋ ಹೋಗಿ ಇದ್ದು ಬರುತ್ತಾರೆ. ಬಂದ ಮೇಲೆ ಎದ್ದ ಮನೆಯ ತಲಬಾಗಿಲಿಗೆ ಒಬ್ಬೊಬ್ಬರಾಗಿ ಅಂಗೈ ಇಡಬೇಕು. ಮನೆ ತನ್ನವರನ್ನು ಗುರುತು ಹಿಡಿದು ಬಾಗಿಲು ತೆರೆಯುತ್ತದೆ. ಬಾಡಿಗೆಯವರನ್ನು ಮಾತ್ರ ಮರೆತಿರುತ್ತದೆ. ಎಷ್ಟೇ ಬಾಡಿಗೆ ಕೊಟ್ಟಿರಲಿ, ಎಷ್ಟೇ ಅಂಗಳ ಗುಡಿಸಿರಲಿ, ಅವರ ಕೈಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಅದಕ್ಕೇ ನಮ್ಮೂರಿನ ಬಾಡಿಗೆದಾರರು ಬೇವಿನ ಹಣ್ಣು ಉದುರುವ ಹೊತ್ತಿಗೆ ಟ್ರಂಕು ಕಟ್ಟಿಕೊಂಡು ನಮಸ್ಕಾರ ಹೇಳಿ ಹೊರಟುಬಿಡುತ್ತಾರೆ.

ನಾನೂ ಅಂಥ ಬಾಡಿಗೆಯವನೇ. ಹೆಸರು ಚೆಲುವಯ್ಯ. ಊರೂರಿಗೆ ಬಸ್ಸು ಓಡಿಸಿ, ಡಿಪೋದ ಬೆಂಚು, ಬಸ್ಸಿನ ಹಿಂದಿನ ಸೀಟು, ಲಾಡ್ಜಿನ ತಿಗಣೆ ಮಂಚ ಎಲ್ಲವನ್ನೂ ಸವೆಸಿ, ನಿವೃತ್ತನಾದ ಮೇಲೆ ಇಲ್ಲಿಗೆ ಬಂದೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ರಜೆ ಸಿಗಲಿಲ್ಲ ಎನ್ನುತ್ತೇನೆ. ಊರಿನ ಹುಡುಗರಿಗೆ ಡ್ರೈವಿಂಗ್ ಕಲಿಸುತ್ತ ಸಾವಂತ್ರವ್ವನ ಮನೆಯ ಒಂದು ಕೋಣೆಯಲ್ಲಿ ಇಳಿದುಕೊಂಡೆ. ಕೋಣೆಗೆ ಬೇರೆ ಬಾಗಿಲಿರಲಿಲ್ಲ, ಎಲ್ಲರ ಜೊತೆ ತಲಬಾಗಿಲಿನಿಂದಲೇ ಓಡಾಟ. ಮನೆಯಲ್ಲಿ ಸಾವಂತ್ರವ್ವ, ಆಕೆಯ ಮಗ ಗುರುಶಾಂತ, ಸೊಸೆ ಕಸ್ತೂರಿ, ಮೊಮ್ಮಗಳು ಪಾರಿ. ಗುರುಶಾಂತನದು ಹಿಟ್ಟಿನ ಗಿರಣಿ. ಮೂರು ಹೊತ್ತೂ ಹುಬ್ಬಿನ ಮೇಲೆ ಹಿಟ್ಟು ಇಟ್ಟುಕೊಂಡೇ ತಿರುಗುವ ಸಾಧು ಮನುಷ್ಯ. ನಾನು ಬಂದ ಎರಡನೇ ದಿನವೇ ಪಾರಿ ನನ್ನನ್ನು ಮಾಮಾ ಎಂದಳು. ನನ್ನನ್ನು ಯಾರಾದರೂ ಹಾಗೆ ಕರೆದು ಎಷ್ಟು ಕಾಲವಾಗಿತ್ತೆಂದರೆ, ಹಿಂದೆ ತಿರುಗಿ ಯಾರನ್ನು ಕರೆಯುತ್ತಿದ್ದಾಳೆ ಎಂದು ನೋಡಿದ್ದೆ.

ಸಾವಂತ್ರವ್ವ ಮಾತ್ರ ನನ್ನನ್ನು ಕಂಡರೆ ಉರಿದುಬೀಳುತ್ತಿದ್ದಳು. ಒದ್ದೆ ಟವೆಲು ಯಾಕ ಇಲ್ಲಿ ಹಾಕಿದ್ರಿ, ಚಹಾ ಯಾಕ ಊದಿ ಊದಿ ಕುಡೀತೀರಿ, ಕರಿಬೇವು ಯಾಕ ತಾಟಿನ ಅಂಚಿಗೆ ಸರಸ್ತೀರಿ, ಅದೇನು ವಿಷ ಐತೇನು? ಬಿಸಿನೀರು ಕಾಯಿಸಿಟ್ಟು ಕೂಗುವವಳೂ ಅವಳೇ, ಸ್ನಾನಕ್ಕೆ ಹೋಗಲು ಚೂರು ತಡವಾದರೆ ಬೈಯುವವಳೂ ಅವಳೇ. ನಾನು ಎಲ್ಲದಕ್ಕೂ "ಸರಿ ಅಮ್ಮ" ಎಂದು ಸುಮ್ಮನಾಗುತ್ತಿದ್ದೆ. ಪ್ಯಾಸೆಂಜರುಗಳ ಬೈಗುಳ ಕಿವಿಗೆ ಹಾಕಿಕೊಂಡರೆ ಡ್ರೈವರನಾದವನು ಸ್ಟೇರಿಂಗ್ ತಿರುಗಿಸುವುದು ಹೇಗೆ? ಈಕೆಗೆ ನಾನು ಯಾವಾಗ ತೊಲಗುತ್ತೇನೋ ಎಂದಿದೆ ಅಂದುಕೊಂಡೆ. ಆದರೂ ನನಗೆ ಆ ಮನೆ ಬಿಡುವ ಯೋಚನೆ ಬಂದರೆ ಊಟ ಸೇರುತ್ತಿರಲಿಲ್ಲ. ರಾತ್ರಿ ಒಬ್ಬರು ಬೈದು ಬಡಿಸಿದ ಅನ್ನ, ಬೆಳಿಗ್ಗೆ ಒಬ್ಬಳು ಮಗು ಬಂದು ಕೋಣೆಯ ಬಾಗಿಲು ಬಡಿಯುವುದು, ಇಷ್ಟಕ್ಕೆ ನಾನು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ. ಕೇಳಿ ಉಳಿದುಕೊಳ್ಳುವ ಹಾಗಿಲ್ಲವಲ್ಲ, ಊರ ರೀತಿಯೇ ಹಾಗೆ. ಮೊದಲ ಬೇವಿನ ಹಣ್ಣು ಬಿದ್ದ ದಿನ ಟ್ರಂಕಿಗೆ ಬಟ್ಟೆ ತುಂಬತೊಡಗಿದೆ.

ಅದೇ ವಾರ ಗುರುಶಾಂತ ಬಂದು ಬಾಗಿಲಲ್ಲಿ ನಿಂತ. "ಡ್ರೈವರ್ರ, ನಮ್ಮ ಹಳೇ ಗಾಲಿಮನಿ ಹೋದ ವರ್ಷ ಹಳ್ಳ ದಾಟುವಾಗ ಅಚ್ಚು ಮುರಕೊಂಡು ಕುಂತತಿ. ಹೊಸಾದು ತಗೋಬೇಕು. ನನಗ ಜ್ವಾಳ ಹಸನ ಐತೋ ಇಲ್ಲೋ ಅಷ್ಟ ಗೊತ್ತಾಗೂದು. ಗಾಲಿ, ಅಚ್ಚು, ಸ್ಪ್ರಿಂಗ್ ಪಾಟಾ ನೋಡೂದು ನಿಮಗ ಗೊತ್ತು. ಬರ್ರಿ ನಮ್ಮ ಕೂಡ."

ನನಗೆ ಎಷ್ಟು ಸಂತೋಷವಾಯಿತೆಂದರೆ ಟ್ರಂಕಿನ ಮುಚ್ಚಳ ಹಾಕುವುದನ್ನೂ ಮರೆತು ಹೊರಟೆ. ಹೋಗುವ ಮುಂಚೆ ಈ ಮನೆಗೆ ನನ್ನಿಂದ ಒಂದು ಒಳ್ಳೆಯ ಕೆಲಸವಾಗಲಿ. ನಾನು ಎಲ್ಲೇ ಇರಲಿ, ಇವರು ಸುಖವಾಗಿ ಓಡಾಡುತ್ತಿರಲಿ ಎಂದುಕೊಂಡೆ.

ಗಾಲಿಮನೆ ಮಾಡುವ ರಾಜೇಸಾಬನ ಅಂಗಳ ಊರ ಹೊರಗೆ, ಹುಣಸೆಮರಗಳ ಕೆಳಗಿತ್ತು. ಹೊಸವು, ಹಳೆಯವು, ಅರ್ಧ ಕಟ್ಟಿದವು ಸಾಲಾಗಿ ನಿಂತಿದ್ದವು. ಗುರುಶಾಂತ ಹೋದವನೇ ಹೂವಿನ ಚಿತ್ರ ಬಿಡಿಸಿದ, ಗುಲಾಬಿ ಪರದೆ ಹಾಕಿದ ಒಂದು ತಗಡಿನ ಗಾಲಿಮನೆಗೆ ಮನಸೋತು ಅದರ ಸುತ್ತ ತಿರುಗತೊಡಗಿದ. ನಾನು ಪಂಚೆ ಎತ್ತಿ ಕಟ್ಟಿ ಅದರ ಅಡಿಗೆ ತೂರಿದೆ. ಚೌಕಟ್ಟಿಗೆ ಮೂರು ಕಡೆ ತೇಪೆ, ಅದರ ಮೇಲೆ ಬಣ್ಣ. "ಮೇಲೆ ಥಳಕು, ಒಳಗೆ ಹುಳುಕು. ಬೇಡಪ್ಪ" ಎಂದೆ. ಇದನ್ನು ಯಾರೋ ಮಾರಲು ಬಿಟ್ಟು ಹೋಗಿದ್ದಾರೆ, ತನ್ನ ಕೆಲಸವಲ್ಲ ಎಂದು ರಾಜೇಸಾಬ ನಗುತ್ತ ಗಡ್ಡ ಮುಟ್ಟಿ ಆಣೆಯಿಟ್ಟ.

ಕೊನೆಗೆ ಎರಡು ಉಳಿದವು, ಎರಡೂ ರಾಜೇಸಾಬನೇ ಮಾಡಿದವು. ಒಂದು ಚಿಕ್ಕದು, ನಾಲ್ಕು ಜನ ಮಲಗುವಂಥದು. ತಗ್ಗು ಛಾವಣಿ, ದಪ್ಪ ಕಬ್ಬಿಣದ ಚೌಕಟ್ಟು, ಮನೆಯ ಅಳತೆಗೆ ದೊಡ್ಡದೇ ಅನ್ನಿಸುವ ಟೈರು. ಕುಲುಕಿ ನೋಡಿದೆ, ಒಂದು ಮೊಳೆಯೂ ಮಾತಾಡಲಿಲ್ಲ. ಇನ್ನೊಂದು ಐದು ಜನರದು. ಸಾಗವಾನಿಯ ಮೈ, ನಾಲ್ಕು ಗಾಲಿ. ಅದೂ ಗಟ್ಟಿಯೇ, ಆದರೆ ಭಾರ. ಗುರುಶಾಂತನ ಜೀಪು ಏರು ಕಂಡರೆ ಮೊದಲೇ ಕೆಮ್ಮುವಂಥದು. ಸಾವಂತ್ರವ್ವ ಗಡಿಗೆ ಕೊಳ್ಳುವವಳ ಹಾಗೆ ಅದರ ಮೈಯನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿದು ನೋಡಿ, "ಇದ ಇರಲಿ" ಎಂದಳು.

"ಬೇಡಮ್ಮ" ಎಂದೆ ನಾನು. "ಇರೋರು ನಾಲ್ಕು ಜನ. ಅದು ಹಗುರ, ರಿಪೇರಿ ಕಡಿಮೆ. ಗಾಲಿಮನೆ ಚಿಕ್ಕದಾದಷ್ಟೂ ಬಾಳಿಕೆ."

"ನಿಮ್ಮನ್ನ ಗಾಲಿ ನೋಡಾಕ ಕರಕೊಂಡು ಬಂದೀವಿ, ಮಂದಿ ಎಣಸಾಕ ಅಲ್ಲ" ಎಂದಳು ಸಾವಂತ್ರವ್ವ.

ನಾನು "ಸರಿ ಅಮ್ಮ" ಅಂದೆ. ಆದರೂ ಗುರುಶಾಂತನ ಕಿವಿಯಲ್ಲಿ ಚಿಕ್ಕದನ್ನೇ ಹೊಗಳಿದೆ. ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಹುಬ್ಬಿನ ಹಿಟ್ಟು ಒರೆಸಿಕೊಂಡ.

ರಾಜೇಸಾಬ ಸ್ಟೂಲು ತಂದು ಹಾಕಿಕೊಂಡ. ಅವನ ಅಂಗಳದಲ್ಲಿ ಒಂದು ಪದ್ಧತಿಯುಂಟು. ಕೊಳ್ಳುವವರು ಗಾಲಿಮನೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಜಗಳ ಆಡಿ ನೋಡಬೇಕು. ಜಗಳ ನಿಜದ್ದಾಗಿರಬೇಕು. ಮುಗಿಯುವ ಮುಂಚೆ ಯಾರಾದರೂ ಕೆಳಗಿಳಿದರೆ ಆ ಗಾಲಿಮನೆ ಆ ಕುಟುಂಬಕ್ಕಲ್ಲ. ಎಷ್ಟು ಬೇಡಿಕೊಂಡರೂ ಅವನು ಕೊಡುವುದಿಲ್ಲ. "ಮಳಿ ತಡಿಯೋ ಗಾಲಿಮನಿ ಯಾರ ಬೇಕಾದ್ರೂ ಮಾಡ್ತಾರ" ಎನ್ನುತ್ತಾನೆ. "ಇಷ್ಟ ಜಾಗಾದಾಗ ತಿಂಗಳಗಟ್ಲೆ ಇರೂ ಮಂದಿ. ಜಗಳ ತಡೀಬೇಕು ನೋಡ್ರಿ, ಅದು ಗಟ್ಟಿ."

ನಾಲ್ವರೂ ಚಿಕ್ಕ ಗಾಲಿಮನೆ ಹತ್ತಿದರು. ನಾನು ಹೊರಗೆ ನಿಂತೆ. ಒಳಗಿನಿಂದ ಗುರುಶಾಂತನ ದನಿ: "ಏ ಕಸ್ತೂರಿ, ನಿನ್ನೆ ಪಲ್ಯಾಕ ಉಪ್ಪು ಯಾಕ ಕಡಿಮಿ ಹಾಕಿದ್ದಿ?" ಕಸ್ತೂರಿಯ ದನಿ: "ನೀವ ಹೆಚ್ಚಿಗಿ ಹಾಕಬ್ಯಾಡ ಅಂದಿದ್ರಲ್ರೀ." "ಹೌದಲ್ಲಾ" ಎಂದ ಗುರುಶಾಂತ. ಪಾರಿ ಕಿಸಕ್ಕನೆ ನಕ್ಕಳು. ರಾಜೇಸಾಬ ತಲೆ ಅಲ್ಲಾಡಿಸಿದ: "ಇದು ಜಗಳ ಅಲ್ಲ, ನಾಟಕದ ತಾಲೀಮು." ಅಷ್ಟರಲ್ಲಿ ಸಾವಂತ್ರವ್ವ ಬಾಗಿಲು ತಳ್ಳಿ ಧಡಕ್ಕನೆ ಇಳಿದುಬಿಟ್ಟಳು. "ಮೊಣಕಾಲು ಹಿಡಕೊಂತು. ಇದು ನಮಗಲ್ಲ, ನಡೀರಿ." ಅಲ್ಲಿಗೆ ಚಿಕ್ಕದು ಕೈಬಿಟ್ಟುಹೋಯಿತು. ಆ ವಯಸ್ಸಿನಲ್ಲಿ ಮೊಣಕಾಲು ಹಿಡಿದುಕೊಂಡವರು ಹಾಗೆ ಇಳಿಯುವುದಿಲ್ಲ, ಅದು ನನಗೂ ಗೊತ್ತು.

ಈಗ ಸಾಗವಾನಿಯದನ್ನು ಹತ್ತಿದರು. ತುಸು ಹೊತ್ತಾದ ಮೇಲೆ ಸಾವಂತ್ರವ್ವ ಕಿಟಕಿಯಿಂದ ಕೂಗಿದಳು. "ಡ್ರೈವರ್ರ, ಒಳಗ ಬರ್ರಿ ಸ್ವಲ್ಪ. ನೆಲಾ ಎಲ್ಲೋ ಕಿರ್ ಅಂತೈತಿ."

ನಾನು ಒಳಗೆ ಹೋಗಿ ಮೊಣಕಾಲೂರಿ ಹಲಗೆಗಳನ್ನು ಒತ್ತಿ ನೋಡಿದೆ. ಎಲ್ಲೂ ಕಿರ್ ಅನ್ನಲಿಲ್ಲ. ತಲೆಯೆತ್ತುವಷ್ಟರಲ್ಲಿ ಪಾರಿ ಬಾಗಿಲು ಹಾಕಿದ್ದಳು.

"ನೆಲ ಚೆನ್ನಾಗಿದೆಯಮ್ಮ. ಆದರೂ ಹೇಳ್ತೀನಿ, ನಾಲ್ಕು ಜನಕ್ಕೆ ಇದು ದಂಡ..."

"ನಾಕು, ನಾಕು, ನಾಕು!" ಸಾವಂತ್ರವ್ವ ಹಲಗೆಯ ಮೇಲೆ ಕೈ ಬಡಿದಳು. "ಬೆಳಗಿಂದ ಒಂದ ಹಾಡು. ನಾಕ ಮಂದಿ ಅಂತ ನಿಮಗ ಯಾರ ಹೇಳಿದ್ರು?"

"ಯಾರ್ ಹೇಳ್ಬೇಕಮ್ಮ? ಕಣ್ಣಿಲ್ವಾ ನನಗೆ?"

"ಕಣ್ಣಿದ್ರ ಇಷ್ಟ ದಿನಾ ಏನ ನೋಡಿದ್ರಿ? ಟ್ರಂಕ ತುಂಬಿ ಇಟ್ಟೀರಿ. ಯಾರನ್ನರ ಒಂದ ಮಾತು ಕೇಳಿದ್ರಿ? ಇಲ್ಲೇನು ಬಸ್‌ಸ್ಟ್ಯಾಂಡ ಐತೇನು, ಬಂದ್ರಿ, ಕುಂತ್ರಿ, ಹೊಂಟ್ರಿ?"

ಇಷ್ಟು ವರ್ಷ ಸ್ಟೇರಿಂಗ್ ಹಿಡಿದು ನುಂಗಿಕೊಂಡದ್ದೆಲ್ಲ ಆಗ ಹೇಗೆ ಒಟ್ಟಿಗೆ ಬಾಯಿಗೆ ಬಂತೋ ಗೊತ್ತಿಲ್ಲ. "ನಾನೇನು ಖುಷಿಯಿಂದ ಹೊರಟಿದ್ದೀನಾ?" ಎಂದು ಕೂಗಿದೆ. ನನ್ನ ದನಿಗೆ ನಾನೇ ಬೆಚ್ಚಿದೆ, ಆದರೆ ನಿಲ್ಲಿಸಲಾಗಲಿಲ್ಲ. "ನಿಮ್ಮ ಊರಿನ ರೂಲ್ಸು ತಾನೆ? ನಿಮ್ಮ ಮನೆ ತಾನೆ ನನ್ನನ್ನ ಮರೆಯೋದು? ಟವೆಲು ಹಾಕಿದ್ದಕ್ಕೆ ಬೈದ್ರಿ, ಚಹಾ ಊದಿದ್ದಕ್ಕೆ ಬೈದ್ರಿ, ಕರಿಬೇವಿಗೂ ಬೈದ್ರಿ. ಬಿಸಿ ಇದ್ರೆ ಊದ್ಬೇಕಮ್ಮ! ಕರಿಬೇವು ನನಗೆ ಸೇರಲ್ಲ! ಆದ್ರೂ ಈ ಮನೆ ಬಿಟ್ಟು ಹೋಗ್ಬೇಕಲ್ಲ ಅಂತ ನನಗೆ ಅನ್ನ ಇಳೀತಿಲ್ಲ. ನಿಮಗೇನು ಗೊತ್ತು?"

ನನಗೆ ನಾಚಿಕೆಯಾಯಿತು. ಅರವತ್ತು ದಾಟಿದ ಗಂಡಸು ಒಬ್ಬ ಮುದುಕಿಯ ಮೇಲೆ ಹೀಗೆ ಕೂಗಾಡಿದೆನಲ್ಲ ಎಂದು ಎದ್ದು ಬಾಗಿಲ ಚಿಲಕಕ್ಕೆ ಕೈಹಾಕಿದೆ.

"ಮಾಮಾ!" ಪಾರಿ ನನ್ನ ಅಂಗಿ ಹಿಡಿದಳು. "ಈಗ ಇಳದ್ರ ಗಾಲಿಮನಿ ಕೊಡಂಗಿಲ್ಲ. ಜಗಳ ಇನ್ನೂ ಮುಗದಿಲ್ಲ."

"ಅದು ನಿಮ್ಮ ಮನೆಯವರಿಗೆ ಕಣಮ್ಮ. ನಾನು ಇಳಿದ್ರೆ ಏನಾಗುತ್ತೆ?"

ಗುರುಶಾಂತ ನೆಲ ನೋಡುತ್ತಿದ್ದ. ಕಸ್ತೂರಿ ಸೆರಗು ಬಾಯಿಗೊತ್ತಿಕೊಂಡಿದ್ದಳು. ಸಾವಂತ್ರವ್ವ ನನ್ನನ್ನೇ ನೋಡುತ್ತಿದ್ದಳು. ಆ ಮುಖವನ್ನು ನಾನು ಅದುವರೆಗೂ ಸರಿಯಾಗಿ ನೋಡಿಯೇ ಇರಲಿಲ್ಲ ಅನ್ನಿಸಿತು. ಅಲ್ಲಿ ಸಿಟ್ಟು ಇರಲೇ ಇಲ್ಲ, ಹೆದರಿಕೆ ಇತ್ತು. ನಾನು ಇಳಿದುಬಿಡುತ್ತೇನೋ ಎಂಬ ಹೆದರಿಕೆ.

ಚಿಲಕದಿಂದ ಕೈ ತೆಗೆದೆ. ಬಂದು ಐದನೆಯ ಹಲಗೆಯ ಮೇಲೆ ಕುಳಿತೆ.

ಸಾವಂತ್ರವ್ವ ಮೂಗು ಒರೆಸಿಕೊಂಡಳು. "ಕರಿಬೇವು ಸೇರಂಗಿಲ್ಲಂದ್ರ ಮದಲ ಹೇಳಾಕ ಏನಾಗಿತ್ತು? ನಾ ಇದ್ದ ಬಿದ್ದ ಅಡಗಿಗೆಲ್ಲಾ ಹಾಕೀನಿ" ಎಂದಳು.

"ಹೇಳೋಕೆ ಬಿಟ್ರೆ ತಾನೆ!" ಎಂದೆ.

ಹೊರಗೆ ರಾಜೇಸಾಬ ಸ್ಟೂಲಿನಿಂದೆದ್ದು ಬಾಗಿಲು ಬಡಿದ. "ಇದು ಜಗಳ" ಎಂದ ತೃಪ್ತಿಯಿಂದ. "ಗಾಲಿಮನಿ ನಿಮ್ಮದು. ಅಂಗಿ ಹಾಕೂ ಗೂಟ ಎಷ್ಟ ಹೊಡೀಲಿ?"

"ಐದು" ಎಂದಳು ಸಾವಂತ್ರವ್ವ.

ಅವನು ಬಾಗಿಲ ಪಕ್ಕದ ಹಲಗೆಗೆ ಗೂಟ ಹೊಡೆಯುತ್ತ ಹೋದ. ಐದನೆಯದಕ್ಕೆ ಸುತ್ತಿಗೆ ಬಿದ್ದಾಗ ನಾನು ಜೀಪಿನ ಆಚೆ ಬದಿಗೆ ಹೋಗಿ, ಟೈರಿನ ಗಾಳಿ ನೋಡುವವನ ಹಾಗೆ ಕುಕ್ಕರಗಾಲಿನಲ್ಲಿ ಕುಳಿತು ಅತ್ತೆ.

ಅಲ್ಲಿಗೆ ಕಸ್ತೂರಿ ಬಂದು ವಿಷಯ ಹೇಳಿದಳು. "ಬಾಡಿಗಿದವ್ರನ್ನ ಕರದು ಹತ್ತಿಸಿಕೊಳ್ಳಾಕ ಬರಂಗಿಲ್ರೀ. ಕರದ್ರ ಅವ್ರು ಬೀಗರಾಗ್ತಾರ, ಬಂದು ಹೋಗೂ ನೆಂಟರು. ಬೀಗರನ್ನ ಮನಿ ನೆನಪಿಡಂಗಿಲ್ಲ. ಜಗಳಾಡಿ ಇಳೀದ ಉಳದವ್ರು ಮನಿಯವ್ರು ಅಂತ ಹಿರ್ಯಾರ ಮಾತು. ನಮ್ಮತ್ತಿ ನೀವು ಬಂದಾಗಿಂದ ನಿಮ್ಮ ಕೂಡ ಒಂದ ಜಗಳ ತಗೀಬೇಕಂತ ಪಾಡು ಪಟ್ಟಾರ. ಜಗಳಾಡೂ ಅಭ್ಯಾಸ ಬೀಳಲಿ, ಆಮ್ಯಾಲ ಗಾಲಿಮನ್ಯಾಗೂ ಆಡ್ತಾರ ಅಂತ. ನೀವು ನೋಡಿದ್ರ ಬರೇ ಸರಿ ಅಮ್ಮ, ಸರಿ ಅಮ್ಮ. ಎಷ್ಟ ಸಲ ಅಡಗಿಮನಿಗೆ ಬಂದು, ಈ ಮನಷ್ಯಾಗ ಸಿಟ್ಟ ಬರಂಗಿಲ್ಲಲ್ಲ, ಬಿಟ್ಟ ಹೋಗ್ತಾನಲ್ಲ ಅಂತ ಕಣ್ಣೀರ ಹಾಕ್ಯಾರ."

ಒಬ್ಬರು ನನ್ನನ್ನು ಇಟ್ಟುಕೊಳ್ಳಲು ಇಷ್ಟು ಬೈದಿದ್ದಾರೆ ಎಂದರೆ ಅದಕ್ಕೆ ಧನ್ಯವಾದ ಹೇಳುವುದು ಹೇಗೆಂದು ಯಾವ ಊರಿನಲ್ಲಿಯೂ ನಾನು ಕಲಿತಿರಲಿಲ್ಲ. "ಹಿರಿಯರ ಮಾತು ಅಂದ್ರೆ... ಹಾಗೆ ಯಾರನ್ನಾದ್ರೂ ಮನೆ ಒಳಗೆ ಬಿಟ್ಟಿದ್ದುಂಟಾ?" ಎಂದು ಕೇಳಿದೆ. ಕಸ್ತೂರಿ, ಗೂಟ ಹೊಡೆದು ಮುಗಿಸಿ ಬಂದಿದ್ದ ರಾಜೇಸಾಬನ ಕಡೆ ನೋಡಿದಳು. ಅವನು ಮುಚ್ಚುಮರೆ ಮಾಡಲಿಲ್ಲ. "ಕೇಳೀನಿ. ನೋಡಿಲ್ಲ" ಎಂದ.

ಆ ತಿಂಗಳನ್ನು ಹೇಗೆ ಹೇಳಲಿ? ಮನೆ ಮಲಗಿದ ಮೇಲೆ ಗುಡ್ಡದಾಚೆಯ ಕೆರೆ ದಂಡೆಗೆ ಹೋದೆವು. ಏರಿನಲ್ಲಿ ಜೀಪು ಎರಡು ಸಲ ಕೈಕೊಟ್ಟಿತು. "ಭಾರ ಅಂತ ಹೇಳ್ಲಿಲ್ವಾ?" ಎಂದು ನಾನು, "ನಿಮ್ಮ ಟ್ರಂಕಿಂದ ಭಾರ" ಎಂದು ಸಾವಂತ್ರವ್ವ. ಒಂದು ಮಧ್ಯಾಹ್ನ ಆಲಿಕಲ್ಲು ಸುರಿದು ಪಕ್ಕದ ಗಾಲಿಮನೆಯ ತಗಡಿನ ಛಾವಣಿ ಜಾಳಿಗೆಯಾಯಿತು. ನಮ್ಮ ಸಾಗವಾನಿ ಅಲ್ಲಾಡಲಿಲ್ಲ. ಆ ಹೊತ್ತು ಪಕ್ಕದ ಗಾಲಿಮನೆಯವರೆಲ್ಲ ಓಡಿಬಂದು ನಮ್ಮೊಳಗೆ ತುಂಬಿಕೊಂಡರು. ಅಷ್ಟು ಜನರ ಕಾಲ ನಡುವೆ ಕುಳಿತು ಕಸ್ತೂರಿ ಭಜಿ ಕರಿದಳು. ನಾನು ತಪ್ಪು ಲೆಕ್ಕ ಹಾಕಿದ್ದೆ ಎಂದು ಒಪ್ಪಿಕೊಂಡೆ. ಬೆಳಿಗ್ಗೆ ಎಚ್ಚರವಾದಾಗ ನಾಲ್ಕು ಜನರ ಉಸಿರು ಕೇಳುತ್ತಿತ್ತು. ಬಸ್ಸಿನಲ್ಲಿ ಐವತ್ತು ಜನ ನಿದ್ದೆ ಮಾಡುವಾಗ ಒಬ್ಬನೇ ಎಚ್ಚರವಿದ್ದು ಬದುಕು ಕಳೆದವನಿಗೆ, ತಾನೂ ಆ ಮಲಗಿದವರಲ್ಲಿ ಒಬ್ಬ ಎನ್ನುವುದು ದೊಡ್ಡ ಸುಖ. ದೇವರೇ, ಮುಂದೆ ಏನಾದರೂ ಆಗಲಿ, ಇಷ್ಟು ಕೊಟ್ಟೆಯಲ್ಲ ಎನ್ನುತ್ತಿದ್ದೆ.

ಆದರೂ ವಾಪಸಾಗುವ ದಿನ ಹತ್ತಿರ ಬಂದ ಹಾಗೆ ಎಲ್ಲರ ಮಾತೂ ಕಡಿಮೆಯಾಯಿತು. ಬಾಗಿಲು ತೆರೆಯದಿದ್ದರೆ ಆ ಕ್ಷಣವೇ ಹೊರಟುಬಿಡಬೇಕು, ಇವರ ಮುಖ ನೋಡುತ್ತ ನಿಲ್ಲಬಾರದು ಎಂದು ನಾನು ಟ್ರಂಕನ್ನು ಕಾಲ ಬಳಿಯೇ ಇಟ್ಟುಕೊಂಡು ಬಂದೆ. ಓಣಿಯಲ್ಲಿ ಮನೆಗಳು ಎದ್ದಿದ್ದವು. ಆಚೀಚೆ ಮನೆಯವರು ಅಂಗೈ ಇಟ್ಟು ಒಳಗೆ ಹೋಗುತ್ತಿದ್ದರು, ನಲ್ಲಿಗಳಲ್ಲಿ ನೀರು ಬರುತ್ತಿತ್ತು. ನಮ್ಮ ಮನೆಯ ಕಿಟಕಿಗಳೂ ತೆರೆದಿದ್ದವು. ಬಾಗಿಲು ಮುಚ್ಚಿತ್ತು.

ಸಾವಂತ್ರವ್ವನ ಹಿಂದೆ ನಾನೂ ಇಳಿದು ಅಂಗಳದಲ್ಲಿ ನಿಂತೆ. ಮನೆಯ ಹಿರಿಯರು ಮೊದಲು ಕೈಯಿಡುವುದು ರೂಢಿ. ಸಾವಂತ್ರವ್ವ ಮೆಟ್ಟಿಲ ತನಕ ಹೋದವಳು ಪಕ್ಕಕ್ಕೆ ಸರಿದು ನಿಂತಳು.

"ಡ್ರೈವರ್ರ, ಮದಲ ನೀವ ಕೈ ಇಡ್ರಿ."

"ಯಾಕಮ್ಮ? ನೀವು ಹೋಗಿ ಮೊದಲು. ನಾನು ಕೊನೇಲಿ..."

"ನಿಮ್ಮನ್ನ ಹೊರಗ ನಿಂದ್ರಿಸಿ ನಾ ಒಳಗ ಹೋಗಾಕೇನು?" ಎಂದಳು. ದನಿ ಎತ್ತಲಿಲ್ಲ. "ಅದು ನಿಮ್ಮನ್ನ ತಗೊಳ್ಳಲಿಲ್ಲಂದ್ರ ನಾನೂ ಹೋಗಂಗಿಲ್ಲ. ಗಾಲಿಮನಿ ಗಟ್ಟಿ ಐತಿ. ಅದರಾಗ ಇದ್ದರಾತು."

ನಾನು ಗುರುಶಾಂತನ ಕಡೆ ತಿರುಗಿದೆ, ತಾಯಿಗೆ ಬುದ್ಧಿ ಹೇಳು ಎಂದು. ಅವನು ಜೀಪಿನಲ್ಲಿ ಸ್ಟೇರಿಂಗ್ ಹಿಡಿದೇ ಕುಳಿತಿದ್ದ. ಗಾಲಿಮನೆಯ ಕೊಂಡಿ ಬಿಚ್ಚಿರಲಿಲ್ಲ. ಕಸ್ತೂರಿ ಒಲೆಯನ್ನಾಗಲಿ ಹಾಸಿಗೆಯನ್ನಾಗಲಿ ಕೆಳಗಿಳಿಸಿರಲಿಲ್ಲ. ಪಾರಿಯ ಕೈ ಹಿಡಿದು, ಮನೆಯ ಕಡೆಗಲ್ಲ, ಗಾಲಿಮನೆಯ ಮೆಟ್ಟಿಲಿಗೆ ಹತ್ತಿರ ನಿಂತಿದ್ದಳು. ಅವರೆಲ್ಲ ಮೊದಲೇ ಮಾತಾಡಿಕೊಂಡಿದ್ದರು.

ನಾನು ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಬಾಗಿಲಿಗೆ ಇಟ್ಟೆ. ಮರ ತಣ್ಣಗಿತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೈಯ ಕೆಳಗೆ ಬೆಚ್ಚಗಾಯಿತು, ಬಾಗಿಲು ಒಳಕ್ಕೆ ಸರಿಯಿತು.

ಹಿಂದೆ ಗುರುಶಾಂತ ಜೀಪಿನ ಇಂಜಿನ್ ಆರಿಸಿದ.